ಆಕಾಶ ಮುಚ್ಚಿದಾಗ ನೆಲದ ದಾರಿ

ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಿಗೆ ಈಸ್ಟರ್ ಹಬ್ಬದ ಹಿಂದುಮುಂದು ಮೂರು ನಾಲ್ಕು ವಾರಗಳ ರಜೆ. ನಮ್ಮಲ್ಲಿ ಯುಗಾದಿ ಕಳೆದು ಬಿಸಿಲು ಏರುವ ಹೊತ್ತಿಗೆ ಅಲ್ಲಿ ಆಗಷ್ಟೇ ಚಳಿ ಇಳಿದು ಮರಗಳು ಚಿಗುರುತ್ತವೆ. ಅಲ್ಲಿಯ ಹುಡುಗರು ತಮ್ಮ ತಮ್ಮ ಊರುಗಳಿಗೆ ಹೊರಟುಹೋಗುತ್ತಾರೆ. ಹಾಸ್ಟೆಲು ಖಾಲಿಯಾಗುತ್ತದೆ. ಉಳಿಯುವವರು ಭಾರತ, ಮಲೇಷ್ಯಾ, ನೈಜೀರಿಯಾಗಳಂಥ ದೂರದ ದೇಶಗಳಿಂದ ಬಂದವರು. ಇವರಿಗೆ ಊರಿಗೆ ಹೋಗಿಬರುವಷ್ಟು ದುಡ್ಡಿಲ್ಲ, ಕೋಣೆಯಲ್ಲಿ ಕೂತಿರಲು ಮನಸ್ಸಿಲ್ಲ. ಎರಡು ಗಂಟೆ ವಿಮಾನದಲ್ಲಿ ಕೂತರೆ ಪ್ಯಾರಿಸ್ಸು, ರೋಮು, ಬಾರ್ಸಿಲೋನಾ. ಕೆಲವು ಅಗ್ಗದ ವಿಮಾನಗಳ ಟಿಕೆಟ್ಟು ಬೆಂಗಳೂರಿನಿಂದ ಹುಬ್ಬಳ್ಳಿಗೆ ಬರುವ ರಾತ್ರಿ ಬಸ್ಸಿಗಿಂತ ಹೆಚ್ಚೇನೂ ಇರುವುದಿಲ್ಲ. ಹೊರನಾಡಿಗೆ ಮಕ್ಕಳನ್ನು ಓದಲು ಕಳಿಸಿದ ನಮ್ಮ ಪಾಲಕರಲ್ಲಿ ಅನೇಕರಿಗೆ ಈ ರಜೆಯ ವಿಷಯವೇ ತಿಳಿದಿರುವುದಿಲ್ಲ. ತಿಳಿಯುವುದು, ಏನಾದರೂ ಎಡವಟ್ಟಾದಾಗ.

ಅರಸೀಕೆರೆಯ ಒಂದು ಮನೆಯವರಿಗೆ ಅದು ತಿಳಿದದ್ದು 2010ರ ಏಪ್ರಿಲ್ 16ರ ರಾತ್ರಿ ಎಂಟೂವರೆಗೆ.

ಆ ಮನೆಯ ಯಜಮಾನರು ಗೂಡ್ಸ್ ರೈಲಿನ ಗಾರ್ಡ್. ಮಗಳು ಬಿ.ಇ. ಮುಗಿಸಿ, ಬ್ಯಾಂಕಿನ ಶಿಕ್ಷಣ ಸಾಲ ಪಡೆದು, ಲೀಡ್ಸ್ ನಗರದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಸಾಲಕ್ಕೆ ಮನೆಯನ್ನೇ ಅಡವಿಟ್ಟಿದ್ದರು. ಅದು ಅವಳಿಗೂ ಗೊತ್ತು. ವಾರದಲ್ಲಿ ಕೆಲವು ಸಂಜೆ ಕ್ಯಾಂಟೀನಿನಲ್ಲಿ ತಟ್ಟೆ ಎತ್ತುವ ಕೆಲಸ ಮಾಡಿ ಆರು ತಿಂಗಳಲ್ಲಿ ಒಂದಿಷ್ಟು ಹಣ ಕೂಡಿಸಿದ್ದಳು. ಆ ಹಣದಲ್ಲಿ ಇಬ್ಬರು ಗೆಳತಿಯರ ಜೊತೆ, ಒಬ್ಬಳು ಹೈದರಾಬಾದಿನವಳು, ಇನ್ನೊಬ್ಬಳು ಮಲೇಷ್ಯಾದವಳು, ಎಂಟು ದಿನ ಇಟಲಿ ನೋಡಿ ಬರುವುದೆಂದು ನಿಶ್ಚಯಿಸಿದ್ದಳು. ಮನೆಯಲ್ಲಿ ಮಾತ್ರ ಹೇಳಿರಲಿಲ್ಲ. "ಸಾಲ ಮಾಡಿ ಓದೋಕೆ ಕಳ್ಸಿದ್ರೆ ಊರು ಸುತ್ತೋಕೆ ಹೋದಳಾ" ಎಂದು ಯಾರಾದರೂ ಅಂದುಬಿಟ್ಟರೆ ಎಂಬ ಅಂಜಿಕೆ. ಹೋಗಿಬಂದ ಮೇಲೆ ಫೋಟೋ ತೋರಿಸಿದರಾಯಿತು ಎಂದುಕೊಂಡಿದ್ದಳು.

ವೀಸಾ ಎಂಬ ಬೇಲಿ

ಬ್ರಿಟನ್ನಿನ ವಿದ್ಯಾರ್ಥಿ ವೀಸಾ ಇದ್ದರೆ ಯೂರೋಪೆಲ್ಲ ಓಡಾಡಬಹುದು ಎಂದು ಇಲ್ಲಿ ಹಲವರು ತಿಳಿದಿದ್ದಾರೆ. ಹಾಗಿಲ್ಲ. ಫ್ರಾನ್ಸ್, ಇಟಲಿ, ಜರ್ಮನಿ ಮುಂತಾದ ದೇಶಗಳು ಸೇರಿ ಮಾಡಿಕೊಂಡಿರುವ ಷೆಂಗೆನ್ ಒಪ್ಪಂದದಲ್ಲಿ ಬ್ರಿಟನ್ ಎಂದೂ ಇರಲಿಲ್ಲ. ಭಾರತದ ಪಾಸ್‌ಪೋರ್ಟಿನವರು ಇಂಗ್ಲೆಂಡಿನಿಂದ ಇಟಲಿಗೆ ಹೋಗಬೇಕಾದರೆ ಬೇರೆಯೇ ವೀಸಾ ಬೇಕು. ಆಗ ಅದರ ಶುಲ್ಕ 60 ಯೂರೋ. ಜೊತೆಗೆ ಬ್ಯಾಂಕಿನ ಲೆಕ್ಕಪತ್ರ, ವಿಶ್ವವಿದ್ಯಾಲಯದ ಪತ್ರ, ಹೋಗಿಬರುವ ಟಿಕೆಟ್ಟು, ಉಳಿಯುವ ಜಾಗದ ವಿವರ, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ. ಇಷ್ಟೆಲ್ಲ ಒಪ್ಪಿಸಿದ ಮೇಲೆ ಪಾಸ್‌ಪೋರ್ಟಿನ ಒಂದು ಪುಟದಲ್ಲಿ ಚೀಟಿಯೊಂದನ್ನು ಅಂಟಿಸಿ ಕೊಡುತ್ತಾರೆ. ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿರುತ್ತದೆ.

ಈ ಹುಡುಗಿಯ ಚೀಟಿಯಲ್ಲಿ ಕೊನೆಯ ದಿನ ಏಪ್ರಿಲ್ 18, ಭಾನುವಾರ. ಹಿಂದಿರುಗುವ ವಿಮಾನ 16ರ ಶುಕ್ರವಾರ. ಎರಡು ದಿನ ಹೆಚ್ಚಿಗೆ ಇದೆಯಲ್ಲ ಎಂದು ಅವಳು ನೆಮ್ಮದಿಯಿಂದಿದ್ದಳು. ಮಲೇಷ್ಯಾದ ಗೆಳತಿಗೆ ಈ ತಾಪತ್ರಯವೇ ಇರಲಿಲ್ಲ. ಆ ದೇಶದವರು ವೀಸಾ ಇಲ್ಲದೆಯೇ ಮೂರು ತಿಂಗಳು ಇರಬಹುದು. ಒಂದೇ ತರಗತಿ, ಒಂದೇ ಹಾಸ್ಟೆಲು, ಒಂದೇ ವಿಮಾನ. ಆದರೆ ಪಾಸ್‌ಪೋರ್ಟಿನ ಬಣ್ಣ ಬೇರೆಯಾದ್ದರಿಂದ ಮುಂದೆ ದಾರಿಯೂ ಬೇರೆಯಾಯಿತು.

ಬೂದಿಯ ಊರಿನಲ್ಲಿ ಒಂದು ದಿನ

ಏಪ್ರಿಲ್ 8ರಂದು ಮೂವರೂ ಮ್ಯಾಂಚೆಸ್ಟರಿನಿಂದ ರೋಮಿಗೆ ಹಾರಿದರು. ಮೊದಲ ನಿರಾಸೆ ಫ್ಲಾರೆನ್ಸಿನಲ್ಲಿ. ಗೆಲಿಲಿಯೊನ ದೂರದರ್ಶಕಗಳನ್ನು ಇಟ್ಟಿರುವ ವಿಜ್ಞಾನ ಚರಿತ್ರೆಯ ಸಂಗ್ರಹಾಲಯ ನೋಡಬೇಕೆಂದು ಅವಳ ಆಸೆ. ಅಲ್ಲಿ ನವೀಕರಣದ ಕೆಲಸ ನಡೆದಿತ್ತು. ಆ ಸಂಗ್ರಹಾಲಯ ಗೆಲಿಲಿಯೊನದೇ ಹೆಸರು ಹೊತ್ತು ಮತ್ತೆ ತೆರೆದದ್ದು ಅದೇ ವರ್ಷ ಜೂನ್ 10ಕ್ಕೆ. ಆದರೇನು, ಸಾಂತಾ ಕ್ರೋಚೆ ಚರ್ಚಿನಲ್ಲಿ ಅವನ ಸಮಾಧಿಯ ಮುಂದೆ ನಿಂತುಬಂದಳು. ಪೀಸಾದ ಓರೆ ಗೋಪುರವನ್ನೂ ನೋಡಿದಳು. ಬೀಳುತ್ತದೆಂದು ಹೆದರಿ 1990ರಲ್ಲಿ ಅದನ್ನು ಮುಚ್ಚಿದ್ದರು. ವಾಲದೆ ಇದ್ದ ಕಡೆಯ ಅಡಿಮಣ್ಣನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು, ವಾಲಿಕೆಯನ್ನು ಸುಮಾರು 44 ಸೆಂಟಿಮೀಟರ್ ಕಡಿಮೆ ಮಾಡಿ 2001ರಲ್ಲಿ ಮತ್ತೆ ಜನರಿಗೆ ಬಿಟ್ಟರು.

ಏಪ್ರಿಲ್ 14ರ ಬುಧವಾರ ಅವರು ಹೋದದ್ದು ಪಾಂಪೆಗೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ನಾಲ್ಕರಿಂದ ಆರು ಮೀಟರ್ ಬೂದಿ ಮತ್ತು ಹಗುರ ಕಲ್ಲುಗಳ ಕೆಳಗೆ ಹೂತುಹೋದ ಊರು ಅದು. ರೊಟ್ಟಿ ಸುಡುವ ಒಲೆ, ಬೀದಿಯ ಕಲ್ಲುಹಾಸಿನ ಮೇಲೆ ಗಾಡಿಯ ಗಾಲಿ ಕೊರೆದ ಗುರುತು, ಅಂಗಡಿಯ ಕಟ್ಟೆ, ಎಲ್ಲವೂ ಹಾಗೇ ಇವೆ. ಬೂದಿಯಲ್ಲಿ ಸಿಕ್ಕಿಬಿದ್ದ ದೇಹಗಳು ಕೊಳೆತು ಹೋದರೂ ಅವುಗಳ ಆಕಾರದ ಟೊಳ್ಳು ಗಟ್ಟಿಯಾದ ಬೂದಿಯಲ್ಲಿ ಉಳಿದಿತ್ತು. 1863ರಲ್ಲಿ ಫಿಯೊರೆಲ್ಲಿ ಎಂಬ ಪುರಾತತ್ವಜ್ಞ ಆ ಟೊಳ್ಳಿಗೆ ಗಾರೆ ಹುಯ್ದು ಮನುಷ್ಯರ ಅಚ್ಚುಗಳನ್ನು ತೆಗೆದ. ಮುಖ ಮುಚ್ಚಿಕೊಂಡು ಕೂತ ಒಬ್ಬನ ಅಚ್ಚನ್ನು ನೋಡಿ ಅವಳಿಗೆ ಬಹಳ ಹೊತ್ತು ಮಾತು ಹೊರಡಲಿಲ್ಲ. ಸಂಜೆ ರೋಮಿಗೆ ಮರಳಿದರು.

ಅದೇ ಬುಧವಾರ, ಮೂರು ಸಾವಿರ ಕಿಲೋಮೀಟರಿಗೂ ದೂರದಲ್ಲಿ, ಐಸ್‌ಲ್ಯಾಂಡಿನಲ್ಲಿ ಇನ್ನೊಂದು ಜ್ವಾಲಾಮುಖಿ ಹಿಮದ ಹೊದಿಕೆಯನ್ನು ಸೀಳಿಕೊಂಡು ಸಿಡಿದಿತ್ತು. ಅವರಿಗೆ ಅದು ಗೊತ್ತಿರಲಿಲ್ಲ.

ಹೆಸರು ಹೇಳಲು ಬಾರದ ಬೆಟ್ಟ

ಆ ಬೆಟ್ಟದ ಹೆಸರು ಎಯ್ಯಾಫ್ಯಾಟ್ಲಯೋಕುಟ್ಲ್. ಟಿ.ವಿ.ಯಲ್ಲಿ ಸುದ್ದಿ ಓದುವವರು ಒಂದು ವಾರ ಈ ಹೆಸರಿನ ಮುಂದೆ ತಿಣುಕಾಡಿದರು. ಅರ್ಥ ಮಾತ್ರ ಸರಳ. ದ್ವೀಪ, ಬೆಟ್ಟ, ಹಿಮನದಿ ಎಂಬ ಮೂರು ಪದಗಳನ್ನು ಕೂಡಿಸಿ ಮಾಡಿದ ಸಮಾಸ ಅಷ್ಟೆ. 1,651 ಮೀಟರ್ ಎತ್ತರದ ಬೆಟ್ಟ. ನಮ್ಮ ಮುಳ್ಳಯ್ಯನಗಿರಿಗಿಂತ ಗಿಡ್ಡ. ಮಾರ್ಚ್ 20ರಿಂದಲೇ ಅದರ ಪಕ್ಕದ ಬಿರುಕಿನಲ್ಲಿ ಲಾವಾ ಉಕ್ಕುತ್ತಿತ್ತು. ಆಗ ಯಾರಿಗೂ ತೊಂದರೆಯಾಗಲಿಲ್ಲ. ಪ್ರವಾಸಿಗಳು ಹತ್ತಿರ ಹೋಗಿ ನೋಡಿ ಬರುತ್ತಿದ್ದರು. ಏಪ್ರಿಲ್ 14ರಂದು ಶಿಲಾಪಾಕ ಶಿಖರದ ಹಿಮದ ಕೆಳಗೇ ದಾರಿ ಮಾಡಿಕೊಂಡಿತು. ಅಲ್ಲಿಂದ ಕತೆ ಬದಲಾಯಿತು.

ಉರಿಯುವ ಲಾಟೀನಿನ ಗಾಜಿನ ಮೇಲೆ ಮಳೆಹನಿ ಬಿದ್ದರೆ ಚಟ್ಟೆಂದು ಸಿಡಿಯುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿರುತ್ತಾರೆ. ಸಾವಿರ ಡಿಗ್ರಿಯ ಶಿಲಾಪಾಕಕ್ಕೆ ಕರಗಿದ ಹಿಮದ ನೀರು ತಾಗಿದಾಗ ಆಗುವುದೂ ಹೆಚ್ಚುಕಡಿಮೆ ಅದೇ. ನೀರು ಕ್ಷಣದಲ್ಲಿ ಆವಿಯಾಗಿ ಹಿಗ್ಗುತ್ತದೆ. ಶಿಲಾಪಾಕ ಗಾಜಾಗಿ ಹೆಪ್ಪುಗಟ್ಟುತ್ತಲೇ ಚೂರುಚೂರಾಗುತ್ತದೆ. ಹೀಗಾಗಿ ಏಳುವ ಬೂದಿ ನಮ್ಮ ಒಲೆಯ ಬೂದಿಯಂತೆ ಮೆತ್ತಗಿನದಲ್ಲ. ಅದು ಕಲ್ಲು ಮತ್ತು ಗಾಜಿನ ಅತಿ ಸಣ್ಣ, ಹರಿತವಾದ ಚೂರು. ಇಂಥ ಬೂದಿಯ ಕಂಬ ಆ ದಿನಗಳಲ್ಲಿ ಒಂಬತ್ತು ಕಿಲೋಮೀಟರಿನಷ್ಟು ಎತ್ತರಕ್ಕೆ ಏರಿತು. ಮೇಲಿನ ಗಾಳಿ ಆಗ ಬೀಸುತ್ತಿದ್ದದ್ದು ವಾಯವ್ಯದಿಂದ, ನೇರ ಬ್ರಿಟನ್ ಮತ್ತು ಯೂರೋಪಿನ ಕಡೆಗೆ.

ವಿಮಾನಕ್ಕೆ ಇದರಿಂದ ಏನು ಅಪಾಯ ಎಂಬುದು ಅನುಭವದಿಂದ ಕಲಿತ ಪಾಠ. 1982ರ ಜೂನ್ 24ರ ರಾತ್ರಿ ಕೌಲಾಲಂಪುರದಿಂದ ಪರ್ತ್‌ಗೆ ಹೊರಟಿದ್ದ ಒಂದು ಬ್ರಿಟಿಷ್ ವಿಮಾನ ಜಾವಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕಿತು. ನಾಲ್ಕೂ ಎಂಜಿನ್ನುಗಳು ಒಂದಾದ ಮೇಲೊಂದು ನಿಂತವು. ಬೂದಿಯ ಗಾಜು ಸುಮಾರು 1,100 ಡಿಗ್ರಿಯಲ್ಲಿ ಕರಗುತ್ತದೆ. ಜೆಟ್ ಎಂಜಿನ್ನಿನ ಒಳಗಿನ ಬೆಂಕಿ ಅದಕ್ಕಿಂತ ಬಿಸಿ. ಒಳಗೆ ಕರಗಿದ ಗಾಜು ಟರ್ಬೈನಿನ ಅಲಗುಗಳ ಮೇಲೆ ಮೆತ್ತಿಕೊಂಡು ಗಾಳಿಯ ದಾರಿಯನ್ನೇ ಕಟ್ಟಿಬಿಡುತ್ತದೆ. ಆ ವಿಮಾನ ಎಂಜಿನ್ನಿಲ್ಲದೆ ಗಾಳಿಯಲ್ಲಿ ಜಾರುತ್ತ ಇಳಿಯಿತು. ಬೂದಿಯಿಂದ ಹೊರಬಂದ ಮೇಲೆ ಎಂಜಿನ್ನುಗಳು ಮತ್ತೆ ಹೊತ್ತಿಕೊಂಡವು; ಜಕಾರ್ತಾದಲ್ಲಿ ನೆಲ ಮುಟ್ಟಿತು. ಮುಂದಿನ ಗಾಜು ಬೂದಿಯ ಉಜ್ಜಿಗೆ ಮಬ್ಬಾಗಿ ಪೈಲಟ್ಟುಗಳಿಗೆ ಎದುರಿನ ದಾರಿಯೇ ಸರಿಯಾಗಿ ಕಾಣುತ್ತಿರಲಿಲ್ಲ. 1989ರ ಡಿಸೆಂಬರ್ 15ರಂದು ಅಲಾಸ್ಕಾದಲ್ಲಿ ಇನ್ನೊಂದು ವಿಮಾನಕ್ಕೂ ಇದೇ ಗತಿಯಾಗಿ, ಅದೂ ಹೇಗೋ ಪಾರಾಯಿತು. ಅಂದಿನಿಂದ ನಿಯಮ ಒಂದೇ: ಬೂದಿ ಇದ್ದಲ್ಲಿ ಹಾರಬೇಡ.

ಏಪ್ರಿಲ್ 15ರ ಮಧ್ಯಾಹ್ನದಿಂದ ಬ್ರಿಟನ್ನಿನ ಆಕಾಶ ಮುಚ್ಚಿತು. ಬೆನ್ನಿಗೇ ಒಂದೊಂದಾಗಿ ಉತ್ತರ ಯೂರೋಪಿನ ದೇಶಗಳದ್ದೂ. ಒಂದು ವಾರದಲ್ಲಿ ಸುಮಾರು ಒಂದು ಲಕ್ಷ ವಿಮಾನಯಾನಗಳು ರದ್ದಾದವು. ಅಂದಾಜು ಒಂದು ಕೋಟಿ ಪ್ರಯಾಣಿಕರು ಅಲ್ಲಲ್ಲೇ ಉಳಿದರು.

"ಅಮ್ಮ, ನಾನು ಲೀಡ್ಸಲ್ಲಿಲ್ಲ"

ರೋಮಿನ ವಿಮಾನ ನಿಲ್ದಾಣದ ಮೇಲೆ ಆಕಾಶ ನೀಲಿಯಾಗಿತ್ತು. ಬಿಸಿಲು ಹೊಳೆಯುತ್ತಿತ್ತು. ಫಲಕದಲ್ಲಿ ಮಾತ್ರ ಲಂಡನ್, ಮ್ಯಾಂಚೆಸ್ಟರ್, ಆಮ್‌ಸ್ಟರ್‌ಡಾಮ್ ಎಲ್ಲದರ ಮುಂದೂ ರದ್ದು, ರದ್ದು, ರದ್ದು. ಐದು ಗಂಟೆ ಸಾಲಿನಲ್ಲಿ ನಿಂತ ಮೇಲೆ ಕೌಂಟರಿನ ಹೆಣ್ಣುಮಗಳು ಎರಡು ದಾರಿ ಹೇಳಿದಳು: ಹಣ ವಾಪಸು ತೆಗೆದುಕೊಳ್ಳಿ, ಇಲ್ಲವೇ ಮುಂದೆ ಸೀಟು ಇರುವ ವಿಮಾನಕ್ಕೆ ಕಾಯಿರಿ. ಮುಂದೆ ಸೀಟು ಇದ್ದದ್ದು 24ನೇ ತಾರೀಕಿಗೆ. ಅದೂ ಆಕಾಶ ತೆರೆದರೆ.

ಮಲೇಷ್ಯಾದ ಗೆಳತಿ ಕಾಯುವುದೆಂದು ನಿರ್ಧರಿಸಿದಳು. ಉಳಿದಿಬ್ಬರಿಗೆ ಆ ಅನುಕೂಲ ಇರಲಿಲ್ಲ. ನಾಡಿದ್ದು ವೀಸಾ ಮುಗಿಯುತ್ತದೆ. ನಾಳೆ, ನಾಡಿದ್ದು ಶನಿವಾರ, ಭಾನುವಾರ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಲೀಡ್ಸಿನಲ್ಲಿ ಪ್ರಾಜೆಕ್ಟಿನ ಮಂಡನೆ, ಅದಕ್ಕೆ ಅಂಕಗಳಿವೆ. ಕೈಯಲ್ಲಿ ಉಳಿದ ಹಣ ಇನ್ನೂರ ಎಪ್ಪತ್ತು ಯೂರೋ.

ಅದೇ ಹೊತ್ತಿಗೆ ಅರಸೀಕೆರೆಯಲ್ಲಿ ತಾಯಿ ಟಿ.ವಿ. ಮುಂದೆ ಕೂತಿದ್ದರು. ಇಂಗ್ಲೆಂಡಿನ ಮೇಲೆ ಬೂದಿ ಮೋಡ ಎಂದು ಪದೇಪದೇ ತೋರಿಸುತ್ತಿದ್ದರು. ಬೂದಿ ಮಗಳ ತಲೆಯ ಮೇಲೇ ಸುರಿಯುತ್ತಿದೆ ಎಂದು ಅವರ ಎಣಿಕೆ. ಮಧ್ಯಾಹ್ನದಿಂದ ನಾಲ್ಕು ಸಲ ಹಾಸ್ಟೆಲಿನ ನಂಬರಿಗೆ ಫೋನ್ ಮಾಡಿಸಿದ್ದರು. ಯಾರೂ ಎತ್ತಿರಲಿಲ್ಲ.

ರೋಮಿನಲ್ಲಿ ಸಂಜೆ ಐದು, ಇಲ್ಲಿ ರಾತ್ರಿ ಎಂಟೂವರೆ. ಮಗಳೇ ಫೋನ್ ಮಾಡಿದಳು.

"ಬೂದಿ ಬೀಳ್ತಾ ಇದ್ಯಾ ಮಗಳೇ? ಬಾಗ್ಲು ಹಾಕ್ಕೊಂಡಿದ್ದೀಯಾ? ಊಟ ಮಾಡ್ದಾ?"

"ಅಮ್ಮ, ನಾನು ಲೀಡ್ಸಲ್ಲಿಲ್ಲ."

ಆಮೇಲೆ ಅಳುತ್ತ ಎಲ್ಲವನ್ನೂ ಹೇಳಿದಳು. ತಾಯಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಅವರು ಫೋನನ್ನು ಗಂಡನ ಕೈಗೆ ಕೊಟ್ಟರು. ಡ್ಯೂಟಿ ಮುಗಿಸಿ ಬಂದು ಊಟಕ್ಕೆ ಕೂತಿದ್ದವರು ಎಡಗೈಯಲ್ಲಿ ಫೋನು ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಸುಮ್ಮನಿದ್ದ ಹೊತ್ತು ಮಗಳಿಗೆ ಐದು ಗಂಟೆಯ ಸಾಲಿಗಿಂತ ದೊಡ್ಡದಾಗಿ ಕಂಡಿತು. ಕಡೆಗೆ ಅವರು ಕೇಳಿದ್ದು ಮೂರೇ ಪ್ರಶ್ನೆ.

"ಜೊತೇಲಿ ಯಾರಿದ್ದಾರೆ? ಕೈಯಲ್ಲಿ ಎಷ್ಟು ದುಡ್ಡಿದೆ? ಆ ವೀಸಾ ಅನ್ನೋದು ಯಾವತ್ತಿಗೆ ಮುಗಿಯುತ್ತೆ?"

ಅವಳು ಹೇಳಿದಳು. ರೈಲು ವಿಚಾರಿಸಿದ್ದಾಗಿಯೂ, ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಸೋಮವಾರದವರೆಗೆ ಒಂದು ಸೀಟೂ ಇಲ್ಲವೆಂದೂ ಹೇಳಿದಳು.

"ಎಕ್ಸ್‌ಪ್ರೆಸ್ಸಿಗೆ ಎಲ್ಲಾರೂ ಮುಗಿಬೀಳ್ತಾರೆ ಕಣಮ್ಮ. ಪ್ಯಾಸೆಂಜರ್ ಗಾಡಿ ಇರಲ್ವಾ? ರಿಸರ್ವೇಷನ್ ಇಲ್ದೇ ಇರೋದು? ಒಂದೇ ಗಾಡೀಲಿ ಅಷ್ಟು ದೂರ ಬರಬೇಕು ಅಂತ ಏನಿದೆ? ಒಂದು ಜಂಕ್ಷನ್ನಿಂದ ಇನ್ನೊಂದು ಜಂಕ್ಷನ್ನಿಗೆ ಬಾ. ಕೊನೇ ಗಾಡಿ ಮಾತ್ರ ನೆಚ್ಚಿಕೋಬೇಡ. ಅದರ ಹಿಂದಿನದ್ದು ಹಿಡಿ."

ಇಟಲಿಯನ್ನು ಭೂಪಟದಲ್ಲಿ ಬಿಟ್ಟರೆ ಬೇರೆಲ್ಲೂ ನೋಡದ ಮನುಷ್ಯ ಅವರು. ಆದರೆ ರೈಲು ಎಲ್ಲಿದ್ದರೂ ರೈಲೇ ತಾನೆ! ಇಟಲಿಯಲ್ಲಿಯೂ ಊರೂರಿಗೆ ನಿಲ್ಲುವ ಗಾಡಿಗಳಿವೆ, ಅವಕ್ಕೆ ಮುಂಗಡ ಸೀಟು ಬೇಕಿಲ್ಲ. ಗಾಬರಿಯಲ್ಲಿ ಕೌಂಟರಿನ ಮುಂದೆ ನಿಂತಿದ್ದ ಸಾವಿರಾರು ಜನ ಅದನ್ನು ಮರೆತಿದ್ದರು.

ಬೈಗುಳ ಬರಲಿಲ್ಲ. ಯಾಕೆ ಹೇಳಲಿಲ್ಲ ಎಂಬ ಮಾತೂ ಆ ರಾತ್ರಿ ಬರಲಿಲ್ಲ. ಫೋನ್ ಇಡುವ ಮುಂಚೆ ಅವರು ಅಂದದ್ದು ಇಷ್ಟು: "ಒಂದೊಂದು ಸ್ಟೇಷನ್ನಿಂದ್ಲೂ ಒಂದು ಮಿಸ್ಡ್ ಕಾಲ್ ಕೊಡು. ನಿಮ್ಮಮ್ಮ ನಿದ್ದೆ ಮಾಡ್ಬೇಕು."

ಜಂಕ್ಷನ್ನಿಂದ ಜಂಕ್ಷನ್ನಿಗೆ

ಶನಿವಾರ ನಸುಕಿನಲ್ಲಿ ರೋಮಿನ ಟರ್ಮಿನಿ ನಿಲ್ದಾಣದಿಂದ ಇಬ್ಬರೂ ಹೊರಟರು. ಟಿಕೆಟ್ಟನ್ನು ಗಾಡಿ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ತೂರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು, ಮರೆತರೆ ದಂಡ. ರೋಮಿನಿಂದ ಫ್ಲಾರೆನ್ಸ್, ಅಲ್ಲಿಂದ ಬೆಟ್ಟಗಳ ಸುರಂಗ ದಾಟಿ ಬೊಲೋನ್ಯ, ಅಲ್ಲಿಂದ ಮಿಲಾನ್. ಎಕ್ಸ್‌ಪ್ರೆಸ್ಸಿಗೆ ಮೂರೂವರೆ ಗಂಟೆಯ ದಾರಿ ಇವರಿಗೆ ಬೆಳಗಿನಿಂದ ಸಂಜೆಯವರೆಗೆ ಹಿಡಿಯಿತು. ಆದರೆ ಗಾಡಿಯಲ್ಲಿ ಕೂರಲು ಜಾಗವಿತ್ತು. ಅರಸೀಕೆರೆಗೆ ನಾಲ್ಕು ಮಿಸ್ಡ್ ಕಾಲ್ ಹೋದವು. ತಂದೆ ಅವನ್ನು ಕ್ಯಾಲೆಂಡರಿನ ಅಂಚಿನಲ್ಲಿ ಗಂಟೆ ಸಮೇತ ಬರೆದಿಟ್ಟುಕೊಂಡರು.

ಮಿಲಾನಿನಿಂದ ಮುಂದೆ ತೊಡಕು. ಆ ದಿನಗಳಲ್ಲೇ ಫ್ರಾನ್ಸಿನಲ್ಲಿ ರೈಲ್ವೆ ನೌಕರರ ಮುಷ್ಕರವೂ ನಡೆದಿತ್ತು. ಪ್ಯಾರಿಸ್ಸಿಗೆ ಹೋಗುವ ಗಾಡಿಗಳು ಕಡಿಮೆ, ಇದ್ದವು ತುಂಬಿದ್ದವು. ಒಂದು ಅಗ್ಗದ ವಸತಿಯಲ್ಲಿ ರಾತ್ರಿ ಕಳೆದು ಭಾನುವಾರ ಬೆಳಗಿನಿಂದ ಬಸ್ಸಿನ ಸಾಲಿನಲ್ಲಿ ನಿಂತರು. ಸಂಜೆಗೆ ಬಿಟ್ಟ ಹೆಚ್ಚುವರಿ ಬಸ್ಸೊಂದರಲ್ಲಿ ಹಿಂದಿನ ಎರಡು ಸೀಟು ಸಿಕ್ಕವು. ಸೀಟಿಗೆ ತೊಂಬತ್ತು ಯೂರೋ.

ಬಸ್ಸಿನಲ್ಲಿ ಯಾರ ಮುಖದಲ್ಲೂ ದೊಡ್ಡವರು ಸಣ್ಣವರು ಎಂಬ ಭೇದ ಉಳಿದಿರಲಿಲ್ಲ. ಆಗಿನ ಜರ್ಮನಿಯ ಚಾನ್ಸಲರ್ ಆಂಗೆಲಾ ಮರ್ಕೆಲ್, ಸ್ವತಃ ಭೌತಶಾಸ್ತ್ರ ಓದಿದವರು, ಅಮೆರಿಕದಿಂದ ಮರಳುವಾಗ ಬರ್ಲಿನ್ನಿಗೆ ಇಳಿಯಲಾಗದೆ ಲಿಸ್ಬನ್ನಿನಲ್ಲಿ ಇಳಿದು, ರೋಮಿಗೆ ಹಾರಿ, ಅಲ್ಲಿಂದ ರಸ್ತೆಯ ಮೇಲೆ ಊರು ಸೇರಬೇಕಾಯಿತು. ಬಾರ್ಸಿಲೋನಾದ ಪ್ರಸಿದ್ಧ ಫುಟ್‌ಬಾಲ್ ತಂಡ ಏಪ್ರಿಲ್ 20ರ ಸೆಮಿಫೈನಲ್ಲಿಗೆ ಸುಮಾರು ಸಾವಿರ ಕಿಲೋಮೀಟರ್ ಬಸ್ಸಿನಲ್ಲಿ ಮಿಲಾನಿಗೆ ಬಂದು, 3–1ರಲ್ಲಿ ಸೋತು ಹೋಯಿತು. ಪೋಲೆಂಡಿನ ಅಧ್ಯಕ್ಷರ ಅಂತ್ಯಕ್ರಿಯೆಗೆ ಏಪ್ರಿಲ್ 18ರಂದು ಹೋಗಬೇಕಿದ್ದ ಹಲವು ರಾಷ್ಟ್ರಗಳ ನಾಯಕರು ಹೋಗಲಾಗಲಿಲ್ಲ. ಬೂದಿಯ ಗಾಳಿಯೇ ಸುಳಿಯದ ಕೀನ್ಯಾದಲ್ಲಿ ಯೂರೋಪಿಗೆಂದು ಕೊಯ್ದ ಗುಲಾಬಿ, ಹುರುಳಿಕಾಯಿ ರಾಶಿರಾಶಿಯಾಗಿ ಕೊಳೆತು, ತೋಟದ ಕೂಲಿಗಳು ಕೆಲಸವಿಲ್ಲದೆ ಕೂತರು. ಲೋಕದ ಒಂದು ಮೂಲೆಯ ಬೆಟ್ಟ ಕೆಮ್ಮಿದರೆ ಇನ್ನೊಂದು ಮೂಲೆಯ ಒಲೆ ಆರುತ್ತದೆ.

ರಾತ್ರಿ ಬಸ್ಸು ಮೋಂಬ್ಲಾ ಬೆಟ್ಟದ ಕೆಳಗಿನ ಸುರಂಗ ಹೊಕ್ಕಿತು. ಹನ್ನೊಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ. ಈ ಕಡೆ ಇಟಲಿ, ಆ ಕಡೆ ಫ್ರಾನ್ಸ್. ಹನ್ನೆರಡು ಗಂಟೆಗೆ ಹುಡುಗಿ ಕೈಗಡಿಯಾರ ನೋಡಿಕೊಂಡಳು. ವೀಸಾ ಮುಗಿದಿತ್ತು. ಆ ಕ್ಷಣದಿಂದ ಅವಳು ಪರದೇಶದಲ್ಲಿ ಅನುಮತಿಯಿಲ್ಲದೆ ಇರುವವಳು. ಬಸ್ಸಿನಲ್ಲಿದ್ದ ಉಳಿದವರೆಲ್ಲ ನಿದ್ದೆಯಲ್ಲಿದ್ದರು.

ಕ್ಯಾಲೆಯ ಕಿಟಕಿ

ಸೋಮವಾರ ಬೆಳಿಗ್ಗೆ ಪ್ಯಾರಿಸ್. ಮುಷ್ಕರದ ನಡುವೆ ಓಡಿದ ಒಂದು ಗಾಡಿ ಹಿಡಿದು ಮಧ್ಯಾಹ್ನ ಕ್ಯಾಲೆ. ಅಲ್ಲಿ ಇಂಗ್ಲಿಷ್ ಕಾಲುವೆಯ ಅಗಲ ಬಹಳ ಕಡಿಮೆ, ಸುಮಾರು 33 ಕಿಲೋಮೀಟರ್. ಹಡಗಿನಲ್ಲಿ ಒಂದೂವರೆ ಗಂಟೆ. ಹಡಗುಕಟ್ಟೆಯ ಸಾಲು ರಸ್ತೆಯವರೆಗೂ ಬಂದಿತ್ತು. ಮೂರು ಗಂಟೆ ನಿಂತ ಮೇಲೆ ಫ್ರೆಂಚ್ ಗಡಿ ಪೊಲೀಸರ ಕಿಟಕಿ.

ಅಧಿಕಾರಿ ಪಾಸ್‌ಪೋರ್ಟಿನ ಪುಟ ತಿರುವಿ ಬೆರಳಿಟ್ಟ. "ಇದು ನಿನ್ನೆಗೆ ಮುಗಿದಿದೆ."

ಅವಳು ಕೈಚೀಲದಿಂದ ಕಾಗದಗಳನ್ನು ತೆಗೆದು ಸಾಲಾಗಿ ಇಟ್ಟಳು. ವಿಮಾನ ರದ್ದಾಯಿತೆಂದು ಮುದ್ರೆ ಒತ್ತಿಸಿಕೊಂಡ ಚೀಟಿ, ಮುಂದಿನ ಸೀಟು 24ಕ್ಕೆ ಎಂದು ಬರೆಸಿಕೊಂಡ ಸಾಲು, ರೋಮಿನಿಂದ ಕ್ಯಾಲೆಯವರೆಗಿನ ಒಂದೊಂದು ಟಿಕೆಟ್ಟು, ವಿಶ್ವವಿದ್ಯಾಲಯದ ಪತ್ರ. ಸಾಲಿನಲ್ಲಿ ಸುಸ್ತಾಗಿ ನಿಂತಿದ್ದಾಗಲೂ ವಿಮಾನ ನಿಲ್ದಾಣದಲ್ಲಿ ಆ ಮುದ್ರೆ ಕೇಳಿ ಹಾಕಿಸಿಕೊಂಡದ್ದು ಹೈದರಾಬಾದಿನ ಗೆಳತಿಯ ಬುದ್ಧಿ.

ಅದೃಷ್ಟವೋ ಏನೋ, ಹದಿನಾಲ್ಕು ದಿನದ ಹಿಂದಷ್ಟೇ, ಏಪ್ರಿಲ್ 5ರಿಂದ, ಷೆಂಗೆನ್ ದೇಶಗಳಲ್ಲಿ ಹೊಸ ವೀಸಾ ಸಂಹಿತೆ ಜಾರಿಗೆ ಬಂದಿತ್ತು. ಕೈಮೀರಿದ ಕಾರಣದಿಂದ ಹೊರಡಲಾಗದವರು ಅದನ್ನು ಸಾಬೀತುಪಡಿಸಿದರೆ ಅವಧಿಯನ್ನು ಶುಲ್ಕವಿಲ್ಲದೆ ವಿಸ್ತರಿಸಬೇಕೆಂದು ಅದರ 33ನೇ ವಿಧಿ ಹೇಳುತ್ತದೆ. ಅಧಿಕಾರಿ ಮೇಲಿನವರನ್ನು ಕರೆದ. ಇಬ್ಬರೂ ಕಾಗದಗಳನ್ನು ನೋಡಿದರು. ಹತ್ತು ನಿಮಿಷ. ಆಮೇಲೆ ಹೊರಹೋಗುವ ಮುದ್ರೆ ಬಿತ್ತು.

ಇದನ್ನು ಓದುವ ವಿದ್ಯಾರ್ಥಿಗಳು ಇಲ್ಲಿ ಒಂದು ಮಾತು ಗಮನಿಸಬೇಕು. ಅವಧಿ ಮುಗಿಯುವ ಮೊದಲೇ ಸ್ಥಳೀಯ ಅಧಿಕಾರಿಗಳ ಹತ್ತಿರ ಹೋಗಿ ವಿಸ್ತರಣೆ ಕೇಳುವುದು ಸರಿಯಾದ ಕ್ರಮ. ಕಿಟಕಿಯ ಮುಂದೆ ದಯೆಗಾಗಿ ನಿಲ್ಲುವುದಲ್ಲ. ಇಡೀ ಯೂರೋಪು ತತ್ತರಿಸಿದ್ದ ವಾರವಾದ್ದರಿಂದ ಆ ಅಧಿಕಾರಿಗೆ ವಿವರಿಸುವ ಅಗತ್ಯ ಬೀಳಲಿಲ್ಲ. 2025ರ ಅಕ್ಟೋಬರ್ 12ರಿಂದ ಈ ದೇಶಗಳು ಮುದ್ರೆಯ ಬದಲು ಬೆರಳಚ್ಚು, ಮುಖಚಿತ್ರಗಳ ಗಣಕ ದಾಖಲೆಯನ್ನು ಹಂತಹಂತವಾಗಿ ತಂದಿವೆ. ಒಂದು ದಿನ ಹೆಚ್ಚಾದರೂ ಯಂತ್ರ ಲೆಕ್ಕ ಹಾಕುತ್ತದೆ. ಮುಂದಿನ ವೀಸಾಕ್ಕೆ ಅದು ಅಡ್ಡ ಬರಬಹುದು.

ಹಡಗು ಡೋವರಿನ ಬಿಳಿ ಬಂಡೆಗಳ ಹತ್ತಿರ ಬಂದಾಗ ಸಂಜೆ. ಆ ರಾತ್ರಿ ಲಂಡನ್ನಿನಲ್ಲಿ ಪರಿಚಯದವರ ಕೋಣೆಯಲ್ಲಿ ಮಲಗಿ, ಮಂಗಳವಾರ ಬೆಳಗಿನ ಗಾಡಿಯಲ್ಲಿ ಲೀಡ್ಸ್ ತಲುಪಿದರು. ಪ್ರಾಜೆಕ್ಟಿನ ಮಂಡನೆ ತಪ್ಪಿಹೋಯಿತೆಂದು ಹೆದರುತ್ತ ವಿಭಾಗಕ್ಕೆ ಹೋದರೆ ಬಾಗಿಲ ಮೇಲೊಂದು ಚೀಟಿ: ಮಂಡನೆ ಮುಂದಕ್ಕೆ ಹಾಕಲಾಗಿದೆ. ಅಂಕ ಹಾಕಬೇಕಿದ್ದ ಪ್ರಾಧ್ಯಾಪಕರೇ ಒಂದು ಸಮ್ಮೇಳನಕ್ಕೆ ಹೋಗಿ ಬೇರೆ ದೇಶದಲ್ಲಿ ಸಿಕ್ಕಿಕೊಂಡಿದ್ದರು!

ಆ ಮಂಗಳವಾರವೇ, ಏಪ್ರಿಲ್ 20ರ ರಾತ್ರಿ, ಬ್ರಿಟನ್ನಿನ ಆಕಾಶ ತೆರೆಯಿತು. ಎಂಜಿನ್ ತಯಾರಕರನ್ನೂ ವಿಜ್ಞಾನಿಗಳನ್ನೂ ಕೂರಿಸಿ ಹೊಸ ಮಿತಿ ಗೊತ್ತುಮಾಡಿದ್ದರು. ಘನ ಮೀಟರ್ ಗಾಳಿಯಲ್ಲಿ ಎರಡು ಮಿಲಿಗ್ರಾಮಿಗಿಂತ ಕಡಿಮೆ ಬೂದಿ ಇದ್ದರೆ ಹಾರಬಹುದು. ಅಲ್ಲಿಯವರೆಗೆ ಎಷ್ಟು ಬೂದಿಯವರೆಗೆ ಎಂಜಿನ್ನು ತಡೆದೀತು ಎಂದು ಯಾರೂ ಲೆಕ್ಕವಾಗಿ ಗೊತ್ತುಮಾಡಿರಲಿಲ್ಲ. ಗೊತ್ತಿಲ್ಲದಿದ್ದಾಗ ನಿಲ್ಲಿಸುವುದೇ ವಿವೇಕ. ಅಳೆದು ತಿಳಿದ ಮೇಲೆ ಹೊರಡುವುದು ವಿಜ್ಞಾನ.

ಲೆಕ್ಕದ ಪುಸ್ತಕ

ಹುಡುಗಿಗೆ ಬಂದ ದಾರಿಯ ಖರ್ಚು ಸುಮಾರು 240 ಯೂರೋ. ಆಗಿನ ದರದಲ್ಲಿ ಹದಿನಾಲ್ಕು ಸಾವಿರ ರೂಪಾಯಿಗೂ ಮೇಲೆ. ಅರಸೀಕೆರೆಯ ಮನೆಯಲ್ಲಿ ಎರಡು ತಿಂಗಳ ಸಂಸಾರ. ಅವಳು ವಿಮಾನದ ಹಣ ವಾಪಸು ತೆಗೆದುಕೊಂಡದ್ದರಿಂದ ಕಂಪನಿಯ ಹೊಣೆ ಅಲ್ಲಿಗೆ ಮುಗಿಯಿತು. ರೋಮಿನಲ್ಲೇ ಕಾದ ಮಲೇಷ್ಯಾದ ಗೆಳತಿಗೆ ಹೋಟೆಲು, ಊಟದ ಖರ್ಚು ಕೊನೆಗೆ ಸಿಕ್ಕಿತು. ರಸೀದಿಗಳನ್ನು ಇಟ್ಟುಕೊಂಡು ಪತ್ರದ ಮೇಲೆ ಪತ್ರ ಬರೆದ ಮೇಲೆ. ಯೂರೋಪಿನ 261/2004ರ ನಿಯಮದ ಪ್ರಕಾರ ವಿಮಾನ ರದ್ದಾದಾಗ ಬೇರೆ ವಿಮಾನಕ್ಕೆ ಕಾಯುವವರ ಊಟ, ವಸತಿಯನ್ನು ಕಂಪನಿ ನೋಡಿಕೊಳ್ಳಬೇಕು. ಪ್ರಕೃತಿ ವಿಕೋಪವಾದರೆ ಪರಿಹಾರ ಧನ ಇಲ್ಲ, ಆದರೆ ಈ ಆರೈಕೆಯ ಹೊಣೆ ತಪ್ಪುವುದಿಲ್ಲ. ಜ್ವಾಲಾಮುಖಿಯ ಪ್ರಕರಣಕ್ಕೂ ಇದು ಅನ್ವಯಿಸುತ್ತದೆಂದು ಯೂರೋಪಿನ ನ್ಯಾಯಾಲಯ 2013ರ ಜನವರಿ 31ರಂದು ತೀರ್ಪು ಕೊಟ್ಟಿತು. ಹಣ ವಾಪಸು ಎಂಬ ಮಾತಿಗೆ ಅವಸರದಲ್ಲಿ ತಲೆಯಾಡಿಸುವ ಮೊದಲು ಎರಡು ನಿಮಿಷ ಯೋಚಿಸಬೇಕು. ವಿಮೆಯೂ ಹಾಗೆ. ಬೂದಿ ಎಂಬುದು ಕೆಟ್ಟ ಹವಾಮಾನವೋ ಅಲ್ಲವೋ ಎಂದು ಆ ವರ್ಷ ವಿಮೆಯವರೂ ಪ್ರಯಾಣಿಕರೂ ವಾದ ಮಾಡಿದರು. ಪಾಲಿಸಿಯ ಸಣ್ಣಕ್ಷರಗಳನ್ನು ಹೊರಡುವ ಮುಂಚೆ ಓದಬೇಕು, ಸಿಕ್ಕಿಬಿದ್ದ ಮೇಲಲ್ಲ.

ಇವೆಲ್ಲ ಕಾಗದದ ಲೆಕ್ಕ. ಇನ್ನೊಂದು ಲೆಕ್ಕವಿದೆ. ಹುಡುಗಿ ಮನೆಗೆ ಹೇಳದೆ ಹೋದದ್ದು ದುಡ್ಡಿನ ದುಂದಿನಿಂದಲ್ಲ, ದುಡಿದದ್ದು ಅವಳೇ. ಸಾಲದ ಮನೆಯ ಮಕ್ಕಳು ತಮ್ಮ ಸಂತೋಷಕ್ಕೂ ಯಾರದೋ ಅಪ್ಪಣೆ ಬೇಕೆಂದುಕೊಳ್ಳುತ್ತಾರೆ. ಅಪ್ಪಣೆ ಸಿಗದು ಎನಿಸಿದರೆ ಮುಚ್ಚಿಡುತ್ತಾರೆ. ಸಾಲ ಮಾಡಿದ್ದೇವೆ ಎಂದು ನಾವು ಮಕ್ಕಳಿಗೆ ದಿನಕ್ಕೆ ಎಷ್ಟು ಸಲ ನೆನಪಿಸುತ್ತೇವೆ ಎಂದು ಪಾಲಕರೂ ಒಮ್ಮೆ ಎಣಿಸಿಕೊಳ್ಳಬೇಕು. ಮಕ್ಕಳೂ ಅಷ್ಟೆ. ಎಲ್ಲಿದ್ದೇವೆ ಎಂಬುದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಅಪ್ಪಣೆಯ ಮಾತಲ್ಲ, ಸುದ್ದಿಯ ಮಾತು. ಆಕಾಶ ಮುಚ್ಚಿದ ದಿನ ದಾರಿ ಹೇಳುವವರು ಬೇಕಲ್ಲ! ಆ ತಂದೆ ಅಂದು ರಾತ್ರಿ ಬೈದಿದ್ದರೆ, ಪ್ಯಾಸೆಂಜರ್ ಗಾಡಿಯ ಉಪಾಯ ಬೈಗುಳದ ಅಡಿಯಲ್ಲಿ ಹೂತುಹೋಗುತ್ತಿತ್ತು.

ಬೂದಿ ಇನ್ನೊಮ್ಮೆ ಬರುವುದಿಲ್ಲವೆಂದೇನೂ ಇಲ್ಲ. 2025ರ ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿದಾಗ ಅದರ ಬೂದಿ ಕೆಂಪು ಸಮುದ್ರ ದಾಟಿ ಗುಜರಾತ್, ದೆಹಲಿಗಳ ಮೇಲಿನ ಆಕಾಶಕ್ಕೂ ಬಂತು. ಇಲ್ಲಿಯೂ ಕೆಲವು ವಿಮಾನಗಳು ನಿಂತವು. ಒಮ್ಮೆ ಬೂದಿ, ಒಮ್ಮೆ ಮುಷ್ಕರ, 2020ರಲ್ಲಿ ಕಣ್ಣಿಗೆ ಕಾಣದ ವೈರಾಣು. ಯೋಜನೆ ಹಾಕುವುದು ಮನುಷ್ಯನ ಗುಣ, ಅದನ್ನು ಕೆಡಿಸುವುದಕ್ಕೆ ಲೋಕದಲ್ಲಿ ಕಾರಣಗಳಿಗೆ ಬರವಿಲ್ಲ.

ಹುಡುಗಿ ಓದು ಮುಗಿಸುವ ಮೊದಲು ಆಗಸ್ಟಿನಲ್ಲಿ ಮೂರು ದಿನ ಸ್ಕಾಟ್ಲೆಂಡಿಗೆ ಹೋಗಿಬಂದಳು. ಈ ಸಲ ಹದಿನೈದು ದಿನ ಮುಂಚೆಯೇ ಹೋಗುವ ಬರುವ ವಿವರವನ್ನೆಲ್ಲ ಬರೆದು ಮನೆಗೆ ಅಂಚೆಯಲ್ಲಿ ಕಳಿಸಿದಳು. ತಂದೆ ಅದನ್ನು ಎರಡು ಸಲ ಓದಿ, ಹಿಂದಿರುಗುವ ದಿನದ ಮುಂದೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದರು. ಸಂಜೆ ಫೋನಿನಲ್ಲಿ ಅಂದರು: "ಎಲ್ಲಾ ಸರಿಯಾಗಿದೆ ಕಣಮ್ಮ, ಹೋಗ್ಬಾ. ಬರೋದಿನ ಮಾತ್ರ ಕೊನೇ ಗಾಡಿ ಹಾಕ್ಕೊಂಡಿದ್ದೀಯ. ಅದರ ಹಿಂದಿನದಕ್ಕೆ ಬದಲಾಯ್ಸು."